ಕಲ್ಲಚ್ಚಿನ ಟೀಚರ್

ಅವರು ತೀರಿಕೊಂಡ ಸುದ್ದಿ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಬಂದಾಗ ಮೊದಲು ಸಾಲುಸಾಲಾಗಿ ಕೈಮುಗಿದ ಚಿಹ್ನೆಗಳು ಬಂದವು, ಆಮೇಲೆ ಗುಣಗಾನ ಶುರುವಾಯಿತು. ಸದಾ ಹಸನ್ಮುಖಿ ಎಂದು ಒಬ್ಬರು ಬರೆದರು. ಎಲ್ಲರೊಂದಿಗೂ ಹೊಂದಿಕೊಂಡು ಹೋಗುತ್ತಿದ್ದ ಮೃದು ಸ್ವಭಾವದವರು ಎಂದು ಇನ್ನೊಬ್ಬರು. ಸೊಸೈಟಿಗೆ ತುಂಬಲಾರದ ನಷ್ಟ ಎಂದು ಸೆಕ್ರೆಟರಿ. ಮಹಾಪೆಯ ಆಫೀಸಿನಿಂದ ಹೊರಟ ಬಸ್ಸಿನಲ್ಲಿ ಕುಳಿತು ಇದನ್ನೆಲ್ಲ ಓದುತ್ತಿದ್ದ ನನಗೆ, ಸತ್ತವರು ಬೇರೆ ಯಾರೋ ಇರಬಹುದೇ ಎಂಬ ಅನುಮಾನ ಬಂತು. ನಾನು ಕಂಡ ಹೆಂಗಸು ಯಾರೊಂದಿಗೂ ಹೊಂದಿಕೊಂಡದ್ದಿಲ್ಲ. ಮೃದುವಾದದ್ದು ಎಂದರೆ ಅವರ ಮನೆಯಲ್ಲಿ ಒಂದು ಸ್ಪಂಜು ಇತ್ತು, ಅಷ್ಟೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾರಾದರೂ ಕೇಳಿದರೆ, "ಚಿತ್ರದ ಬಲಗಡೆ ಕೆಳಗೆ ಪೆನ್ಸಿಲಲ್ಲಿ ಉಂಟು, ಕಣ್ಣಿದ್ದವರು ಓದಿಕೊಳ್ಳಲಿ" ಎನ್ನುತ್ತಿದ್ದರು. ನಮಗೆ ಅವರು ಟೀಚರ್. ಡೊಂಬಿವಲಿಯ ನಮ್ಮ ಹಳೆಯ ಕಟ್ಟಡದಲ್ಲಿ ನಾನು ಎರಡನೇ ಮಹಡಿ, ಅವರು ಗ್ರೌಂಡ್ ಫ್ಲೋರ್.

ಉಡುಪಿ ಕಡೆಯ ಹೋಟೆಲಿನವರ ಮನೆಯ ಮಗಳು. ಅಣ್ಣಂದಿರಿಗೆ ಠಾಣೆಯ ವರ್ತಕ ನಗರದಲ್ಲಿ ಹೋಟೆಲು. ತಂಗಿ ಮಾತ್ರ ಮುಂಬಯಿಯ ಚಿತ್ರಕಲಾ ಕಾಲೇಜಿಗೆ ಸೇರಿ, ಕಲ್ಲಿನ ಮೇಲೆ ಚಿತ್ರ ಬರೆದು ಅದರಿಂದ ಅಚ್ಚು ತೆಗೆಯುವ ವಿದ್ಯೆ ಕಲಿತು, ಅಲ್ಲೇ ಅದನ್ನು ಕಲಿಸುವ ಟೀಚರಾಗಿ, ನಿವೃತ್ತಿಯಾಗುವವರೆಗೂ ಲೋಕಲ್ ಟ್ರೇನಿನಲ್ಲಿ ಜೋತುಬಿದ್ದು ಓಡಾಡಿದರು. ಮದುವೆಯಾಗಲಿಲ್ಲ. ಯಾಕೆ ಎಂದು ನನ್ನ ಹೆಂಡತಿ ಒಮ್ಮೆ ಧೈರ್ಯ ಮಾಡಿ ಕೇಳಿದಳು. "ಹುಡುಗನ ಕಡೆಯವರು ನೋಡಲು ಬಂದ ದಿನ ಕಲ್ಲು ಒದ್ದೆ ಇತ್ತು ಮಾರಾಯ್ತಿ, ಬಿಟ್ಟು ಹೋಗ್ಲಿಕ್ಕೆ ಆಗ್ಲಿಲ್ಲ" ಎಂದರು. ಅದು ತಮಾಷೆಯೋ ನಿಜವೋ ನಮಗೆ ಕೊನೆಗೂ ತಿಳಿಯಲಿಲ್ಲ.

ಅವರ ಕಲೆಯ ಬಗ್ಗೆ ಬಂಧುಬಳಗಕ್ಕೆ ಅಪಾರ ಗೌರವವಿತ್ತು. ಎಷ್ಟೆಂದರೆ ಅಣ್ಣಂದಿರು ಅವರದೊಂದು ಬಣ್ಣದ ಕಲ್ಲಚ್ಚಿಗೆ ಕಟ್ಟು ಹಾಕಿಸಿ ಹೋಟೆಲಿನಲ್ಲಿ ಕೈ ತೊಳೆಯುವ ಜಾಗದ ಪಕ್ಕದಲ್ಲೇ ತೂಗುಹಾಕಿದ್ದರು. ಒಂದು ಭಾನುವಾರ ನಾವೆಲ್ಲ ಅಲ್ಲಿದ್ದಾಗ, ಕೈ ತೊಳೆಯುತ್ತಿದ್ದ ಗಿರಾಕಿಯೊಬ್ಬರು ಕೆಳಗಿನ ಅಂಕಿ ನೋಡಿ, ಇದು ಕಾಪಿಯಲ್ಲವೇ, ಒರಿಜಿನಲ್ ಎಲ್ಲಿದೆ ಎಂದು ಕೇಳಿದರು. ಟೀಚರ್ ಆ ಗಿರಾಕಿಯ ಮೇಜಿನ ಕಡೆ ಕೈ ತೋರಿಸಿ ಕೇಳಿದರು: "ಈಗ ತಿಂದ ಇಡ್ಲಿಯ ಒರಿಜಿನಲ್ ಎಲ್ಲಿ ಉಂಟು?"

ಗಿರಾಕಿ ಒದ್ದೆ ಕೈಯಲ್ಲೇ ತಮ್ಮ ಖಾಲಿ ತಟ್ಟೆಯ ಕಡೆ ತಿರುಗಿ ನೋಡಿದರು.

"ಒಂದೇ ಪಾತ್ರೆಯಲ್ಲಿ ಅಷ್ಟೂ ಇಡ್ಲಿ ಬೇಯ್ತದೆ. ಅದರಲ್ಲಿ ಯಾವುದು ಇಡ್ಲಿ, ಯಾವುದು ಇಡ್ಲಿಯ ಕಾಪಿ?"

ಕಲ್ಲಚ್ಚಿನ ಬಗ್ಗೆ ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ವಿವರಿಸಿದ್ದಿಲ್ಲ. ನುಣುಪಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುವುದು. ಮೇಲೆ ಗೋಂದು, ಒಂದಿಷ್ಟು ಆಮ್ಲ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಶಾಯಿಯ ಉರುಳೆ ಉರುಳಿಸಿದರೆ, ಶಾಯಿ ಜಿಡ್ಡಿಗೆ ಮಾತ್ರ ಹಿಡಿಯುತ್ತದೆ, ನೀರಿರುವಲ್ಲಿಗೆ ಹೋಗುವುದಿಲ್ಲ. ಕಾಗದ ಇಟ್ಟು ಒತ್ತಿದರೆ ಚಿತ್ರ. ಪ್ರತಿ ಬಣ್ಣಕ್ಕೂ ಬೇರೆ ಬೇರೆ ಕಲ್ಲು, ಬಣ್ಣದ ಮೇಲೆ ಬಣ್ಣ ಕೂದಲೆಳೆ ಆಚೀಚೆ ಆಗದಂತೆ ಕೂರಬೇಕು. ಇಷ್ಟೇ ಪ್ರತಿ ಎಂದು ಮೊದಲೇ ತೀರ್ಮಾನ ಮಾಡಿ, ಅಷ್ಟನ್ನೂ ತೆಗೆದು, ಒಂದೊಂದಕ್ಕೂ ಅಂಕಿ ಹಾಕಿ ಸಹಿ ಮಾಡುವುದು. ಕೊನೆಗೆ ಮರಳು, ನೀರು ಹಾಕಿ ಕಲ್ಲನ್ನು ಕಲ್ಲಿನಿಂದಲೇ ಉಜ್ಜಿ ಚಿತ್ರ ಅಳಿಸುವುದು. ಇನ್ನೊಂದು ಪ್ರತಿ ಬೇಕೆಂದು ಬ್ರಹ್ಮನೇ ಬಂದು ಕೇಳಿದರೂ ಇಲ್ಲ.

ಅಂಬರನಾಥದಲ್ಲಿ ಹಳೆಯ ಲೇಬಲ್ ಮುದ್ರಣದ ಕಾರ್ಖಾನೆಯೊಂದು ಮುಚ್ಚಿದಾಗ ಅಲ್ಲಿಂದ ಯಂತ್ರವನ್ನೂ ಕಲ್ಲುಗಳನ್ನೂ ತಂದು ತಮ್ಮ ಮನೆಯ ಹಜಾರದಲ್ಲಿ ಸ್ಥಾಪಿಸಿದ್ದರು. ಅದರ ಭಾರಕ್ಕೆ ಕಟ್ಟಡ ಕುಸಿಯುತ್ತದೆ ಎಂಬುದು ಪ್ರತಿವರ್ಷ ಸೊಸೈಟಿಯ ಸಭೆಯಲ್ಲಿ ಏಳುತ್ತಿದ್ದ ಪ್ರಶ್ನೆ. ಗ್ರೌಂಡ್ ಫ್ಲೋರಿನಿಂದ ಕೆಳಗೆ ಕುಸಿಯಲು ಇನ್ನೇನಿದೆ ಎಂದು ಕೇಳುವಷ್ಟು ಅಸಭ್ಯರು ಟೀಚರನ್ನು ಬಿಟ್ಟರೆ ನಮ್ಮಲ್ಲಿ ಯಾರೂ ಇರಲಿಲ್ಲ.

ಕಟ್ಟಡ ನಿಜವಾಗಿ ಹಳೆಯದಾಗಿತ್ತು. ಅದರ ಹೊರಗೋಡೆಗೆ ಬಣ್ಣ ಬಳಿಸುವ ಕೆಲಸಕ್ಕೆ ಒಬ್ಬ ಗುತ್ತಿಗೆದಾರ ಕರೆತಂದ ಆಳುಗಳಲ್ಲಿ ಶರಣಪ್ಪನೂ ಇದ್ದ. ಕಲಬುರಗಿ ಕಡೆಯವನು, ಮೂವತ್ತು ದಾಟಿದ ಗಟ್ಟಿ ಆಳು. ಬಿದಿರಿನ ಅಟ್ಟಣಿಗೆಯ ಮೇಲೆ ಕೂತು ನೀಲಿ ಬಣ್ಣ ಬಳಿಯುತ್ತ ಕೆಳಗೆ ಟೀಚರ್ ಹಾಲಿನವನೊಂದಿಗೆ ಜಗಳವಾಡುವುದನ್ನು ಕೇಳಿಸಿಕೊಂಡ. ಹಿಂದಿಯಲ್ಲಿ ಶುರುವಾದ ಜಗಳ ಕೊನೆಗೆ ಕನ್ನಡದ ಗೊಣಗಾಟಕ್ಕೆ ತಿರುಗುತ್ತಿದ್ದಂತೆ ಮೇಲಿನಿಂದ ಕೂಗಿದ.

"ಅಕ್ಕೋರ, ನೀವು ನಮ್ಮವರೇನ್ರಿ?"

"ನಾನು ಯಾರವಳೂ ಅಲ್ಲ. ಕಿಟಕಿಗೆ ಬಣ್ಣ ಸಿಡಿಸಬೇಡ."

ಅಂದಿನಿಂದ ಮಧ್ಯಾಹ್ನದ ಊಟದ ಹೊತ್ತಿಗೆ ಅವನು ಅವರ ಬಾಗಿಲಲ್ಲಿ ಕೂರತೊಡಗಿದ. ಲಿಫ್ಟಿನ ಬಳಿ ಇಟ್ಟಿದ್ದ ನೀರಿನ ಕೂಲರಿಗೆ 'ಸದಸ್ಯರಿಗೆ ಮಾತ್ರ' ಎಂಬ ಚೀಟಿ ಇದ್ದುದರಿಂದ ಟೀಚರ್ ಮನೆಯ ಕೊಡದಿಂದಲೇ ನೀರು ಕುಡಿಯುತ್ತಿದ್ದ. ಅವನು ಮಾತಾಡಿದ್ದರಲ್ಲಿ ಅರ್ಧ ಇವರಿಗೆ ತಿಳಿಯುತ್ತಿರಲಿಲ್ಲ, ಇವರದರಲ್ಲಿ ಅರ್ಧ ಅವನಿಗೆ. ಹಾಗಾಗಿ ಸಂಬಂಧ ಚೆನ್ನಾಗಿತ್ತು. ಕಲ್ಲು ಸರಿಸಬೇಕಾದಾಗ ಕೈ ಕೊಡುತ್ತಿದ್ದ. ಒಮ್ಮೆ ಕೇಳಿದ: "ನಂದೊಂದು ಚಿತ್ರ ತೆಗೀರಲ್ರಿ ಅಕ್ಕೋರ."

"ಮೊದಲು ಗೋಡೆ ಮುಗಿಸು. ಆ ಮೂಲೆಯಲ್ಲಿ ಹಳೆ ಬಣ್ಣ ಇಣುಕ್ತಾ ಉಂಟು."

ಗೋಡೆ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಅಟ್ಟಣಿಗೆಯ ಹಗ್ಗ ಬಿಚ್ಚಿಕೊಂಡು ಶರಣಪ್ಪ ಮೂರನೇ ಮಹಡಿಯಿಂದ ಕೆಳಗೆ ಬಿದ್ದ. ಬಿದ್ದದ್ದು ಸೆಕ್ರೆಟರಿಯವರು ನಿಲ್ಲಿಸಿದ್ದ ಸ್ಕೂಟರಿನ ಮೇಲೆ. ಅದರಿಂದ ಜೀವ ಉಳಿಯಿತು, ಸೊಂಟ ಮತ್ತು ಕಾಲು ಮುರಿಯಿತು. ಗುತ್ತಿಗೆದಾರ ಅವನನ್ನು ರಿಕ್ಷಾಕ್ಕೆ ಹಾಕಿ ಸರ್ಕಾರಿ ಆಸ್ಪತ್ರೆಯಲ್ಲಿ ಇಳಿಸಿ ಮಾಯವಾದ.

ಆ ವಾರ ಸೊಸೈಟಿಯ ತುರ್ತು ಸಭೆ ಕೂಡಿತು. ನಮ್ಮ ಸಭ್ಯ ಸದಸ್ಯರು ಬಹಳ ಹೊತ್ತು ಮರುಗಿದರು. ಸ್ಕೂಟರ್ ಇನ್ನೂ ಹೊಸದಿತ್ತು. ಅದರ ಹ್ಯಾಂಡಲ್ ಬಾಗಿತ್ತು, ಸೀಟು ಹರಿದಿತ್ತು. ಮನುಷ್ಯನ ವಿಷಯ ಬರೆದರೆ ಪೊಲೀಸು, ಲೇಬರ್ ಆಫೀಸು ಎಲ್ಲ ಬರುತ್ತದೆಂದು ಯಾರೋ ಜಾಣರು ಹೇಳಿದ್ದರಿಂದ, ಆಕಸ್ಮಿಕವಾಗಿ ಸ್ಕೂಟರ್ ಬಿದ್ದು ಹಾನಿಯಾಗಿದೆ ಎಂದು ನಡಾವಳಿಯಲ್ಲಿ ಬರೆಯಲಾಯಿತು. ಸರ್ವಾನುಮತ ಎನ್ನುವಂತಿಲ್ಲ. ಟೀಚರ್ ಸಭೆಗೆ ಬಂದಿರಲಿಲ್ಲ. ಅವರು ಆಸ್ಪತ್ರೆಯಲ್ಲಿದ್ದರು. ಮರುದಿನ ನಾನೂ ಅವರೊಂದಿಗೆ ಹೋದೆ. ಮಂಚದ ಮೇಲೆ ಕಾಲು ತೂಗುಹಾಕಿಸಿಕೊಂಡು ಮಲಗಿದ್ದವನಿಗೆ ಮೋಸಂಬಿ ಸುಲಿದು ಕೊಡುತ್ತ ಅವರು ಬೈಯುತ್ತಿದ್ದರು.

"ಬೀಳುವುದಾದರೆ ಸರಿ ನೋಡಿ ಬೀಳಬಾರದಾ? ಸೆಕ್ರೆಟರಿ ಅಲ್ಲೇ ಪಕ್ಕದಲ್ಲಿ ನಿಂತಿದ್ದ. ಪಾಪ, ಸ್ಕೂಟರ್ ಎಂತ ಮಾಡಿತ್ತು?"

"ಮುಂದಿನ ಸಲ ನೋಡ್ತೀನ್ರಿ ಅಕ್ಕೋರ" ಎಂದ ಶರಣಪ್ಪ. ಅವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳೋ ಅತ್ತಳೋ ನನಗೆ ಗೊತ್ತಾಗಲಿಲ್ಲ.

ಮುಂದೆ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಯಿತು. ಹಳೆಯದನ್ನು ಕೆಡವಿ ಗೋಪುರ ಕಟ್ಟುತ್ತಾರೆ, ಅಲ್ಲಿಯವರೆಗೆ ಎಲ್ಲರೂ ಬಾಡಿಗೆ ಮನೆಗೆ. ಇಷ್ಟು ವರ್ಷ ಸೋರುತ್ತದೆಂದು ಶಪಿಸುತ್ತಿದ್ದ ಕಟ್ಟಡದ ಮೇಲೆ ಎಲ್ಲರಿಗೂ ಒಮ್ಮೆಗೇ ಪ್ರೀತಿ ಉಕ್ಕಿತು. ನಮ್ಮಲ್ಲೇ ಒಬ್ಬ ಕಲಾವಿದೆ ಇರುವಾಗ ಪ್ರತಿ ಮನೆಗೂ ಕಟ್ಟಡದ ಚಿತ್ರವೊಂದು ನೆನಪಿನ ಕಾಣಿಕೆಯಾಗಿ ಇರಲಿ ಎಂದು ಸಭೆಯಲ್ಲಿ ತೀರ್ಮಾನವಾಯಿತು. ಸೆಕ್ರೆಟರಿ ನಮ್ಮ ಊರ ಕಡೆಯವರೇ. ಅವರೇ ಹೋಗಿ ಕೇಳಿದರು. ಟೀಚರ್ ತಕ್ಷಣ ಒಪ್ಪಿಕೊಂಡರು. ಅವರು ತಕ್ಷಣ ಒಪ್ಪಿಕೊಂಡದ್ದು ಕೇಳಿ ನನ್ನ ಹೆಂಡತಿ, "ಏನೋ ಉಂಟು" ಎಂದಳು.

ಮಳೆಗಾಲವಿಡೀ ಕೆಳಗಿನಿಂದ ಯಂತ್ರದ ಸದ್ದು, ಶಾಯಿಯ ವಾಸನೆ. ಒಂದು ಭಾನುವಾರ ತಿಂಡಿ ಕೊಡಲು ಇಳಿದು ಹೋದರೆ ಅಲ್ಲಿ ಊರುಗೋಲು ಗೋಡೆಗೆ ಒರಗಿಸಿ ಸ್ಟೂಲಿನ ಮೇಲೆ ಶರಣಪ್ಪ ಕೂತಿದ್ದ. ಅಂಬರನಾಥದಿಂದ ಟ್ರೇನಿನಲ್ಲಿ ಬರುತ್ತಿದ್ದನಂತೆ. ಟೀಚರ್ ಉರುಳೆ ಹಿಡಿದಿದ್ದರು. ಪ್ರತಿ ಸಲ ಶಾಯಿ ಹಾಕುವ ಮೊದಲು ಕಲ್ಲು ಒದ್ದೆಯಾಗಿರಬೇಕು. ಅವನು ಸ್ಪಂಜಿನಿಂದ ಕಲ್ಲಿಗೆ ತೆಳ್ಳಗೆ ನೀರು ಸವರುತ್ತಿದ್ದ.

"ಸಾಕು ಸಾಕು, ಗದ್ದೆಗೆ ನೀರು ಬಿಡ್ತಾ ಇದ್ದೀಯಾ?"

"ನಮ್ಮೂರಾಗ ಗದ್ದಿಗೆ ಇಷ್ಟ್ ನೀರು ಎಲ್ಲದ ರೀ?"

ಅವರಿಬ್ಬರೂ ನನ್ನ ತಿಂಡಿಯ ಡಬ್ಬಿಯನ್ನು ನೋಡಲೂ ಇಲ್ಲ.

ಕೊನೆಯ ಸಭೆ ಎಂದುಕೊಂಡಿದ್ದ ದಿನ ಚಿತ್ರ ಹಂಚಿದರು. ಇಪ್ಪತ್ತನಾಲ್ಕು ಮನೆ, ಇಪ್ಪತ್ತನಾಲ್ಕು ಪ್ರತಿ. ದಪ್ಪ ಕಾಗದದ ಮೇಲೆ ನಮ್ಮ ಕಟ್ಟಡ ಸಂಜೆಯ ಬೆಳಕಿನಲ್ಲಿ ನಿಂತಿತ್ತು. ಒಣಗಲು ಹಾಕಿದ ಬಟ್ಟೆ, ಕಬ್ಬಿಣದ ಗ್ರಿಲ್ಲು, ನೀರಿನ ಪೈಪು, ಹಳದಿ ಹಿಡಿದ ಗೋಡೆ, ಅರ್ಧ ಬಳಿದ ನೀಲಿ. ಅಷ್ಟು ಚೆಂದದ ಕಟ್ಟಡದಲ್ಲಿ ನಾನು ಇಷ್ಟು ವರ್ಷ ಇದ್ದೆನೆಂದು ನನಗೇ ಗೊತ್ತಿರಲಿಲ್ಲ. ಆದರೆ ಸದಸ್ಯರು ಚಿತ್ರ ನೋಡಲಿಲ್ಲ, ಎಡಗಡೆ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದ ಅಂಕಿ ನೋಡಿದರು. ನಾಲ್ಕನೇ ಮಹಡಿಯಲ್ಲಿ ಕೋಚಿಂಗ್ ಕ್ಲಾಸ್ ನಡೆಸುವ ಮೇಷ್ಟ್ರ ಮುಖ ಕಪ್ಪಿಟ್ಟಿತು. ಅವರ ಪ್ರತಿಯಲ್ಲಿ 3/24 ಎಂದಿತ್ತು.

"ಟೀಚರೇ, ನನಗೆ ಇಪ್ಪತ್ತನಾಲ್ಕಕ್ಕೆ ಮೂರು ಯಾಕೆ? ಪಕ್ಕದ ಮನೆಯವರಿಗೆ ಹತ್ತೊಂಬತ್ತು ಉಂಟು."

"ಅವರು ಸ್ವಲ್ಪ ಓದಿದ್ದರು" ಎಂದರು ಟೀಚರ್.

ಇದು ಎಷ್ಟನೆಯ ಪ್ರತಿ ಎಂದು ಸೂಚಿಸುವ ಅಂಕಿ, ಮಾರ್ಕು ಅಲ್ಲ ಎಂದು ನಾನು ವಿವರಿಸಲು ಹೋದೆ. ವಿವರಿಸಿದ್ದರಿಂದ ಕೆಟ್ಟದ್ದೇ ಆಯಿತು. ಹಾಗಾದರೆ ಒಂದನೆಯದು ಯಾರಿಗೆ ಎಂದು ಹೊಸ ಜಗಳ ಹತ್ತಿತು. ಅದು, ಸಭೆಗೆ ತಾವು ಬಾರದೆ ಕೆಲಸದವಳನ್ನು ಮಾತ್ರ ಕಳಿಸಿದ್ದ ಮನೆಗೆ ಹೋಗಿತ್ತು.

ಈ ಗದ್ದಲದಲ್ಲಿ ಯಾರೂ ನೋಡದಿದ್ದ ಸಂಗತಿ ನನ್ನ ಹೆಂಡತಿಯ ಕಣ್ಣಿಗೆ ಆ ರಾತ್ರಿಯೇ ಬಿತ್ತು. ಮೂರನೇ ಮಹಡಿಯ ಎತ್ತರದಲ್ಲಿ, ಬಿದಿರಿನ ಮೇಲೆ ಕೂತು, ನೀಲಿ ಬಳಿಯುತ್ತಿರುವ ಒಬ್ಬ ಮನುಷ್ಯ. ಹಗ್ಗದ ಗಂಟು ಕೂಡ ಕಾಣುತ್ತಿತ್ತು. ಚಿತ್ರದ ಕೆಳಗೆ ಎಡಕ್ಕೆ ಅಂಕಿ, ಬಲಕ್ಕೆ ಟೀಚರ್ ಸಹಿ. ನಡುವೆ, ಚಿತ್ರದ ಹೆಸರು ಬರೆಯುವ ಜಾಗದಲ್ಲಿ, ಬೇರೆ ಯಾರದೋ ದಪ್ಪ ಅಕ್ಷರದ ಕನ್ನಡದಲ್ಲಿ 'ಶರಣಪ್ಪ' ಎಂದಿತ್ತು. ಮರಾಠಿಯವರಿಗೂ ಗುಜರಾತಿಯವರಿಗೂ ಅದು ಓದಲು ಬರುವಂತಿರಲಿಲ್ಲ. ಕನ್ನಡದ ಮನೆಗಳ ಮಕ್ಕಳು ಅದನ್ನು ಅಲಂಕಾರದ ಬಳ್ಳಿ ಎಂದುಕೊಂಡರು, ದೊಡ್ಡವರ ಕಣ್ಣು ಅಂಕಿ ಬಿಟ್ಟು ಆಚೆ ಹೋಗಲಿಲ್ಲ. ನಾವಿಬ್ಬರೂ ಬಾಯಿ ಬಿಡಲಿಲ್ಲ. ಇಂಥ ಸುಖ ಸೊಸೈಟಿ ಜೀವನದಲ್ಲಿ ಪದೇಪದೇ ಸಿಗುವುದಿಲ್ಲ.

ಗುಟ್ಟು ಬಯಲು ಮಾಡಿದವರು ಸೆಕ್ರೆಟರಿಯ ಅತ್ತಿಗೆ. ಊರಿನಿಂದ ಬಂದ ಆಕೆ ಹಾಲಿನಲ್ಲಿ ಕಟ್ಟು ಹಾಕಿಸಿ ತೂಗಿದ್ದ ಚಿತ್ರದ ಮುಂದೆ ನಿಂತು ಗಟ್ಟಿಯಾಗಿ ಓದಿ, "ಈ ಶರಣಪ್ಪ ಯಾರು? ನಿಮ್ಮ ಬಿಲ್ಡಿಂಗ್ ಕಟ್ಟಿಸಿದವರಾ?" ಎಂದು ಕೇಳಿದರಂತೆ.

ಮತ್ತೊಂದು ಸಭೆ ಸೇರಿತು. ಈ ಬಾರಿ ಟೀಚರ್ ಬಂದು ಮುಂದಿನ ಸಾಲಿನಲ್ಲಿ ಕೂತರು.

"ಟೀಚರೇ, ಸೊಸೈಟಿಯ ನೆನಪಿಗೆ ಅಂತ ಕೇಳಿದ್ದು ನಾವು. ಇದರಲ್ಲಿ ಆ ಮನುಷ್ಯ ಯಾಕೆ?" ಎಂದರು ಸೆಕ್ರೆಟರಿ.

"ಯಾವ ಮನುಷ್ಯ?"

"ಅದೇ, ಬಿದ್ದನಲ್ಲ."

"ಮನುಷ್ಯ ಎಲ್ಲಿ ಬಿದ್ದ? ಬಿದ್ದದ್ದು ಸ್ಕೂಟರ್. ನಿಮ್ಮ ನಡಾವಳಿಯಲ್ಲಿ ಹಾಗೇ ಉಂಟಲ್ಲ."

ಸಭೆ ಫ್ಯಾನನ್ನು ನೋಡಿತು. ಅವನೊಬ್ಬನನ್ನು ತೆಗೆದು ಮತ್ತೆ ಅಚ್ಚು ಹಾಕಿಕೊಡಿ ಎಂದು ಒಬ್ಬರು ಸೂಚಿಸಿದರು. ಟೀಚರ್ ಎಲ್ಲರನ್ನೂ ತಮ್ಮ ಮನೆಗೆ ಕರೆದುಕೊಂಡು ಹೋಗಿ ಕಲ್ಲುಗಳನ್ನು ತೋರಿಸಿದರು. ಉಜ್ಜಿ ಉಜ್ಜಿ ಬೂದುಬಣ್ಣಕ್ಕೆ ತಿರುಗಿದ, ಒಂದು ಗೆರೆಯೂ ಇಲ್ಲದ ಕಲ್ಲುಗಳು.

"ಇನ್ನು ಇದರಿಂದ ಬರುವುದು ಬಿಳಿ ಕಾಗದ ಮಾತ್ರ. ಬೇಕಾದರೆ ಮನೆಗೊಂದು ಅದನ್ನೇ ಕೊಡ್ತೇನೆ, ಸಹಿ ಹಾಕಿಯೇ ಕೊಡ್ತೇನೆ. ಈ ಚಿತ್ರ ಬೇಡದವರು ನಾಳೆಯೊಳಗೆ ವಾಪಸು ತನ್ನಿ, ಹರಿದು ಹಾಕುವಾ."

ಆ ಸಂಜೆ ಎಲ್ಲರೂ ಆತ್ಮಗೌರವದಿಂದ ಕುದಿಯುತ್ತ ಮನೆಗೆ ಹೋದರು. ಆದರೆ ಕೋಚಿಂಗ್ ಮೇಷ್ಟ್ರು ಮಲಗುವ ಮೊದಲು ಫೋನಿನಲ್ಲಿ ಟೀಚರ್ ಹೆಸರು ಹುಡುಕಿದರು. ಅವರ ಕಲ್ಲಚ್ಚುಗಳು ಹೊರದೇಶದ ಮ್ಯೂಸಿಯಮ್ಮಿನಲ್ಲಿವೆ, ಹರಾಜಿನಲ್ಲಿ ಜನ ಕೈ ಎತ್ತಿ ಕೊಳ್ಳುತ್ತಾರೆ ಎಂಬುದು ಗೊತ್ತಾಯಿತು. ಬೆಳಗಾಗುವಷ್ಟರಲ್ಲಿ ಅದು ಇಡೀ ಕಟ್ಟಡಕ್ಕೆ ಗೊತ್ತಾಗಿತ್ತು. ಮರುದಿನ ಟೀಚರ್ ಬಾಗಿಲು ತೆರೆದಿಟ್ಟು ಕೂತೇ ಇದ್ದರು. ಒಂದೇ ಒಂದು ಪ್ರತಿಯೂ ವಾಪಸು ಬರಲಿಲ್ಲ.

ಬಂದವರು ಮೇಷ್ಟ್ರು, ಬರಿಗೈಯಲ್ಲಿ. ಮುಂದೆ ಎಂದಾದರೂ ಚಿತ್ರ ಮಾರಬೇಕಾಗಿ ಬಂದರೆ ಏನೇನು ದಾಖಲೆ ಬೇಕು ಎಂದು ವಿನಯದಿಂದ ಕೇಳಿದರು. ನಾನು ಅಲ್ಲೇ ಇದ್ದೆ.

ಟೀಚರ್ ಬಹಳ ಹೊತ್ತು ಯೋಚಿಸಿದಂತೆ ಮಾಡಿ ಹೇಳಿದರು: "ಚಿತ್ರದಲ್ಲಿ ಇರುವ ಮನುಷ್ಯ ಯಾರು, ಎಲ್ಲಿ ಕೆಲಸ ಮಾಡ್ತಿದ್ದ, ಅವನಿಗೆ ಎಂತ ಆಯ್ತು, ಇದೆಲ್ಲ ಕೊಳ್ಳುವವರು ಕೇಳ್ತಾರೆ. ಸೊಸೈಟಿಯ ಲೆಟರ್‌ಹೆಡ್ಡಿನಲ್ಲಿ ಸೀಲ್ ಹಾಕಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬರೀ ಕಾಗದ."

ಮನುಷ್ಯನೊಬ್ಬ ಬಿದ್ದಾಗ ಏಳದಿದ್ದ ನಮ್ಮ ಸಂಘಟನಾ ಶಕ್ತಿ ಅಂದು ಎದ್ದಿತು. ಎರಡೇ ದಿನದಲ್ಲಿ ಹಳೆಯ ನಡಾವಳಿಯನ್ನು ತಿದ್ದುವ ನಿರ್ಣಯ ಆಯಿತು. ಕಲಬುರಗಿ ಜಿಲ್ಲೆಯ ಶರಣಪ್ಪ ಎಂಬ ಕೆಲಸಗಾರ, ಇಂಥ ಗುತ್ತಿಗೆದಾರನ ಕೆಳಗೆ, ಈ ಕಟ್ಟಡಕ್ಕೆ ಬಣ್ಣ ಬಳಿಯುತ್ತಿದ್ದಾಗ ಅಟ್ಟಣಿಗೆಯ ಹಗ್ಗ ಬಿಚ್ಚಿ ಬಿದ್ದು ಗಾಯಗೊಂಡ ಎಂದು ಸ್ಪಷ್ಟವಾಗಿ ಬರೆದು ಸೆಕ್ರೆಟರಿ ಸಹಿ ಮಾಡಿದರು, ಸೀಲ್ ಒತ್ತಿದರು. ಪ್ರತಿಯೊಬ್ಬರೂ ಒಂದೊಂದು ಪ್ರತಿ ತೆಗೆದುಕೊಂಡರು. ಟೀಚರೂ ಒಂದು ತೆಗೆದುಕೊಂಡು, ಮರುದಿನ ಶರಣಪ್ಪನನ್ನು ಕರೆದುಕೊಂಡು ಲೇಬರ್ ಆಫೀಸಿಗೆ ಹೋದರು. ಅಷ್ಟು ದಿನ ಆ ಮನುಷ್ಯನನ್ನು ತಾನು ನೋಡಿಯೇ ಇಲ್ಲ ಎನ್ನುತ್ತಿದ್ದ ಗುತ್ತಿಗೆದಾರನಿಗೆ ನೆನಪು ಮರಳಿತು. ಅವನು ಕೊಡಬೇಕಾಗಿ ಬಂದ ಪರಿಹಾರದ ಹಣದಿಂದ ಶರಣಪ್ಪ ಮತ್ತು ಅವನ ಹೆಂಡತಿ ಅಂಬರನಾಥದಲ್ಲಿ ಕಾರ್ಖಾನೆಯ ಆಳುಗಳಿಗಾಗಿ ಜೋಳದ ರೊಟ್ಟಿಯ ಖಾನಾವಳಿ ಇಟ್ಟರು.

ಇದನ್ನೆಲ್ಲ ಮೊದಲೇ ಲೆಕ್ಕ ಹಾಕಿದ್ದಿರಾ ಎಂದು ನಾನು ಕೇಳಿದೆ.

"ನನಗೆ ಅಷ್ಟೆಲ್ಲ ತಲೆ ಎಲ್ಲಿ ಉಂಟು ಮಾರಾಯ. ಚಿತ್ರಕ್ಕೊಂದು ಹೆಸರು ಬೇಕಿತ್ತು, ನಿಂದೇ ಇರಲಿ ಅಂತ ಶರಣಪ್ಪನಿಗೆ ಹೇಳಿದೆ. ನನ್ನ ಹೆಸರು ಯಾಕ್ರಿ ಅಂತ ಅವನೂ ಕೇಳಿದ. 'ಸಂಜೆಗೆಂಪು' ಅಂತ ಇಡ್ಲಾ ಅಂತ ಕೇಳಿದೆ. ಬ್ಯಾಡ್ರಿ, ಅದಕ್ಕಿಂತ ನಂದೇ ಛಲೋ ಅದ ಅಂದು ಅವನೇ ಬರೆದ."

ಈಗ ನಮ್ಮ ಸದಸ್ಯರ ಬಾಡಿಗೆ ಮನೆಗಳಲ್ಲಿ, ಠಾಣೆಯಿಂದ ಕಲ್ಯಾಣದವರೆಗೆ, ಸೋಫಾದ ಮೇಲಿನ ಗೋಡೆಯಲ್ಲಿ ಶರಣಪ್ಪ ಕೂತಿದ್ದಾನೆ. ಅತಿಥಿಗಳು ಕೇಳಿದರೆ, "ನಮ್ಮ ಶರಣಪ್ಪ, ಬಹಳ ನಂಬಿಕಸ್ಥ ಮನುಷ್ಯ, ಸೊಸೈಟಿ ಅವನನ್ನು ತುಂಬ ಚೆನ್ನಾಗಿ ನೋಡಿಕೊಂಡಿತು" ಎಂದು ಸೆಕ್ರೆಟರಿ ಹೇಳುವುದನ್ನು ನಾನು ನನ್ನ ಕಿವಿಯಿಂದಲೇ ಕೇಳಿದ್ದೇನೆ.

ಕಟ್ಟಡ ಬಿಡುವಾಗ ಟೀಚರ್ ಯಂತ್ರವನ್ನೂ ಕಲ್ಲುಗಳನ್ನೂ ತಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಕೊಟ್ಟು, ಕಲ್ಯಾಣದ ಸಣ್ಣ ಬಾಡಿಗೆ ಮನೆಗೆ ಹೋದರು. ಎದೆಯ ಕಾಯಿಲೆ ಮೊದಲಿನಿಂದಲೂ ಇತ್ತು. ಗೋಪುರದ ಪಾಯ ಮುಗಿಯುವ ಮೊದಲೇ ಆಸ್ಪತ್ರೆ ಸೇರಿದರು, ಅಲ್ಲಿಂದ ವಾಪಸು ಬರಲಿಲ್ಲ.

ಅವರನ್ನು ಡೊಂಬಿವಲಿಯ ಸ್ಮಶಾನಕ್ಕೇ ತಂದರು. ತುಂಬಲಾರದ ನಷ್ಟ ಅನುಭವಿಸಿದವರಲ್ಲಿ ಹೆಚ್ಚಿನವರಿಗೆ ಅಂದು ಬೇರೆ ಕೆಲಸವಿತ್ತು. ಅಣ್ಣಂದಿರು, ಒಂದಿಬ್ಬರು ಹಳೆಯ ವಿದ್ಯಾರ್ಥಿಗಳು, ನಾನು, ನನ್ನ ಹೆಂಡತಿ. ಸ್ವಲ್ಪ ತಡವಾಗಿ ಶರಣಪ್ಪ ಊರುಗೋಲು ಊರುತ್ತ ಬಂದ, ಹಿಂದೆ ಅವನ ಹೆಂಡತಿ. ಖಾನಾವಳಿಗೆ ಬೀಗ ಹಾಕಿ ಬಂದಿದ್ದರು. ಅವನು ದೂರದಲ್ಲೇ ನಿಂತು ಕೈ ಮುಗಿದ. ಎಲ್ಲ ಮುಗಿದ ಮೇಲೆ ನನ್ನ ಬಳಿ ಬಂದು ಮೆಲ್ಲಗೆ ಕೇಳಿದ.

"ಕಡೀಗೆ ಅಕ್ಕೋರು ಏನರೆ ಅಂದ್ರೇನ್ರಿ?"

ಅವನಿಗೆ ಏನಾದರೂ ದೊಡ್ಡ ಮಾತು ಹೇಳೋಣ ಅನ್ನಿಸಿತು. ಅವರು ತೀರಿಕೊಳ್ಳುವ ಹಿಂದಿನ ದಿನ ಸಂಜೆ ನಾನು ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕದಲ್ಲೇ ಇದ್ದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಆಸ್ಪತ್ರೆಯವರು ಚಾ ತಂದುಕೊಟ್ಟರು. ಒಂದು ಗುಟುಕು ಕುಡಿದು, ಈ ಚಾ ಕುಡಿದು ಬದುಕುವುದಕ್ಕಿಂತ ಸಾಯುವುದು ಲೇಸು ಅಂದ್ರು. ಆಮೇಲೆ ಮಾತಾಡಲಿಲ್ಲ."

ಶರಣಪ್ಪ ನನ್ನನ್ನೇ ನೋಡಿದ. ಮೊದಲು ಅವನ ಭುಜ ಅಲುಗಿತು. ಆಮೇಲೆ ಊರುಗೋಲಿನ ಮೇಲೆ ಬಗ್ಗಿ, ಕಣ್ಣಿನಿಂದ ನೀರು ಸುರಿಯುತ್ತಿದ್ದಂತೆಯೇ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಹೆಂಡತಿ ನಕ್ಕಳು, ನನ್ನ ಹೆಂಡತಿ ನಕ್ಕಳು. ನಾನೂ ತಡೆಯಲಾಗದೆ ನಕ್ಕೆ. ಚಿತೆಯ ಕಡೆ ಮುಖ ಮಾಡಿ ನಿಂತಿದ್ದ ಅಣ್ಣಂದಿರು ತಿರುಗಿ, ಇವರು ಯಾರ ಕಡೆಯವರು ಎಂಬಂತೆ ನಮ್ಮನ್ನು ನೋಡಿದರು.